ಊರಿನ ಕಾರ್ಡಿನಿಂದ ಹೆಸರು ತೆಗೆಸುವ ಮುನ್ನ

ಯಾದಗಿರಿ ಜಿಲ್ಲೆಯ ಓದುಗರೊಬ್ಬರ ಪತ್ರ: "ನನ್ನ ತಮ್ಮ, ಅವನ ಹೆಂಡತಿ, ನಾಲ್ಕು ವರ್ಷದ ಮಗ ಪುಣೆಯಲ್ಲಿದ್ದಾರೆ, ತಮ್ಮನಿಗೆ ಕಟ್ಟಡ ಕೆಲಸ. ಊರಲ್ಲಿ ತಾಯಿ, ನಾನು, ನನ್ನ ಹೆಂಡತಿ. ಆರೂ ಜನರದ್ದು ಒಂದೇ ಬಿಪಿಎಲ್ ಕಾರ್ಡ್. ಕರ್ನಾಟಕದ ಕಾರ್ಡು ಇಲ್ಲಿ ನಡೆಯುವುದಿಲ್ಲ ಎಂದು ಅಲ್ಲಿನ ರೇಷನ್ ಅಂಗಡಿಯವರು ತಮ್ಮನನ್ನು ವಾಪಸ್ ಕಳಿಸಿದರು. ಹೆಸರು ತೆಗೆಸಿ ಅಲ್ಲೇ ಹೊಸ ಕಾರ್ಡ್ ಮಾಡಿಸಬೇಕೇ? ತಾಯಿಯ ಗೃಹಲಕ್ಷ್ಮಿ, ಪಿಂಚಣಿಗೆ ತೊಂದರೆಯಾದೀತೇ?"

ಸಂಪಾದಕರ ಉತ್ತರ: ಹೆಸರು ತೆಗೆಸಬೇಡಿ. ತೆಗೆಸುವುದು ಸುಲಭ, ಮತ್ತೆ ಸೇರಿಸುವುದು ಕಷ್ಟ. 2013ರ ಆಹಾರ ಭದ್ರತಾ ಕಾಯ್ದೆಯಡಿ ಯಾವ ರಾಜ್ಯದಲ್ಲಿ ಎಷ್ಟು ಜನರಿಗೆ ಪಡಿತರ ಎಂಬ ಮಿತಿ ಇಂದಿಗೂ ನಿಂತಿರುವುದು 2011ರ ಜನಗಣತಿಯ ಲೆಕ್ಕದ ಮೇಲೆ. ಹೊಸಬರಿಗೆ ಜಾಗ ಸಿಗುವುದು ಯಾರದೋ ಹೆಸರು ಹೋದಾಗ. ಇಲ್ಲಿ ತೆಗೆಸಿ, ಅಲ್ಲಿ ಸಿಗುವವರೆಗೆ ನಿಮ್ಮ ತಮ್ಮ ಎರಡೂ ಕಡೆ ಇಲ್ಲದವರಾಗುತ್ತಾರೆ.

ಅಂಗಡಿಯವರು ಹೇಳಿದ್ದು ತಪ್ಪು. 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಗೆ ಕರ್ನಾಟಕ ಸೇರಿದ್ದು 2020ರ ಜನವರಿಯಲ್ಲಿ. 2022ರ ಜೂನ್‌ನಲ್ಲಿ ಅಸ್ಸಾಂ ಸೇರುವುದರೊಂದಿಗೆ ಇಡೀ ದೇಶ ಇದರೊಳಗೆ ಬಂತು. ಕಾರ್ಡನ್ನೇ ಒಯ್ಯಬೇಕಿಲ್ಲ. ಕಾರ್ಡಿನ ನಂಬರ್ ಅಥವಾ ಆಧಾರ್ ನಂಬರ್ ಹೇಳಿ, ಯಂತ್ರದ ಮೇಲೆ ಬೆರಳಿಟ್ಟರೆ ಸಾಕು. ಆದರೆ ಬೆರಳಿಡುವವರ ಆಧಾರ್ ನಂಬರ್ ರೇಷನ್ ಕಾರ್ಡಿಗೆ ಜೋಡಣೆ ಆಗಿರಬೇಕು, ಕಾರ್ಡು ಆಹಾರ ಭದ್ರತಾ ಕಾಯ್ದೆಯದ್ದೇ ಆಗಿರಬೇಕು. ಅಂತ್ಯೋದಯ ಮತ್ತು ಪಿಎಚ್‌ಎಚ್ (ಆದ್ಯತಾ ಕುಟುಂಬ, ನೀವು ಬಿಪಿಎಲ್ ಎನ್ನುವುದು ಇದನ್ನೇ) ಕಾರ್ಡುಗಳು ಈ ಕಾಯ್ದೆಯವು. ಎಪಿಎಲ್ ಕಾರ್ಡು ಗಡಿಯಾಚೆ ನಡೆಯದು.

ಗಡಿ ದಾಟುವುದು ಕೇಂದ್ರದ ಪಾಲು ಮಾತ್ರ: ಪಿಎಚ್‌ಎಚ್ ಕಾರ್ಡಿನಲ್ಲಿ ತಲೆಗೆ ತಿಂಗಳಿಗೆ 5 ಕಿಲೋ. ಕರ್ನಾಟಕ ತನ್ನ ಕಡೆಯಿಂದ ಸೇರಿಸಿ ಕೊಡುವುದು ಪುಣೆಯಲ್ಲಿ ಸಿಗದು. ಅಕ್ಕಿಯೋ ಗೋಧಿಯೋ, ಅಲ್ಲಿ ಏನು ಹಂಚುತ್ತಾರೋ ಅದೇ. 2023ರ ಜನವರಿಯಿಂದ ಇದು ಪೂರ್ತಿ ಉಚಿತ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹೆಚ್ಚಿನವರು ಎಡವುವುದು ತಿಂಗಳ ಲೆಕ್ಕದಲ್ಲಿ. ನಿಮ್ಮ ಕಾರ್ಡಿಗೆ ಕೇಂದ್ರದ ಪಾಲು 30 ಕಿಲೋ. ಊರಲ್ಲಿ ನೀವು ಮೊದಲ ವಾರದಲ್ಲೇ 30 ಕಿಲೋನೂ ಎತ್ತಿಬಿಟ್ಟರೆ ಪುಣೆಯ ಯಂತ್ರದಲ್ಲಿ ನಿಮ್ಮ ತಮ್ಮನಿಗೆ ಏನೂ ಉಳಿದಿರುವುದಿಲ್ಲ. ಆಗ ಅಂಗಡಿಯವರು 'ನಿಮ್ಮ ಕಾರ್ಡ್ ನಡೆಯೋದಿಲ್ಲ' ಎಂದು ಒಂದೇ ಮಾತಲ್ಲಿ ಮುಗಿಸುವುದೂ ಉಂಟು. ಮನೆಯವರೇ ಮಾತಾಡಿಕೊಂಡು ಊರಲ್ಲಿ 15, ಪುಣೆಯಲ್ಲಿ 15 ಎಂದು ಹಂಚಿಕೊಳ್ಳಿ. ಹೀಗೆ ಭಾಗ ಮಾಡಿ ಪಡೆಯಲು ಅವಕಾಶವಿದೆ. ಎಷ್ಟು ಉಳಿದಿದೆ ಎಂಬುದು 'ಮೇರಾ ರೇಷನ್' ಆ್ಯಪ್‌ನಲ್ಲಿ ಕಾಣುತ್ತದೆ.

ಇನ್ನೊಂದು ತೊಡಕು ಬೆರಳಿನದು. ಸಿಮೆಂಟು, ಇಟ್ಟಿಗೆ ಹಿಡಿದ ಕೈಯಲ್ಲಿ ರೇಖೆ ಸವೆದು ಯಂತ್ರ ಒಪ್ಪುವುದಿಲ್ಲ. ಬೇರೆ ಬೆರಳು ಇಟ್ಟು ನೋಡಲಿ, ಇಲ್ಲವೇ ಹೆಂಡತಿ ಹೋಗಲಿ. ಕಾರ್ಡಿನಲ್ಲಿ ಹೆಸರಿರುವ ಯಾರು ಬೆರಳಿಟ್ಟರೂ ನಡೆಯುತ್ತದೆ. ಇಷ್ಟಾಗಿಯೂ ಕೊಡದಿದ್ದರೆ ಅಂಗಡಿಯ ಮುಂದೆಯೇ ನಿಂತು 14445ಕ್ಕೆ ಫೋನ್ ಮಾಡಲಿ. ವಲಸೆ ಹೋದವರ ಪಡಿತರಕ್ಕೆಂದೇ ಇರುವ ಉಚಿತ ನಂಬರ್ ಅದು.

ತಾಯಿಯ ವಿಷಯ. ಗೃಹಲಕ್ಷ್ಮಿಯ 2,000 ರೂಪಾಯಿ ಕರ್ನಾಟಕದ ಕಾರ್ಡಿನ ಯಜಮಾನಿಗೆ. ಯಜಮಾನಿ ತಾಯಿಯೇ ಆಗಿದ್ದು, ಕಾರ್ಡು ಇಲ್ಲೇ ಇರುವವರೆಗೆ ಚಿಂತೆಯಿಲ್ಲ. ತಾಯಿಯದು ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಯಾದರೆ ಅದರ 1,200 ರೂಪಾಯಿಯೂ ಹಾಗೆಯೇ, ರಾಜ್ಯದ್ದು. ತಾಯಿ ನಾಲ್ಕು ದಿನ ಮೊಮ್ಮಗನ ಜೊತೆ ಇದ್ದು ಬಂದರೆ ಏನೂ ಆಗದು, ಹಣ ಬ್ಯಾಂಕಿಗೇ ಬೀಳುತ್ತದೆ. ಅಲ್ಲೇ ನೆಲೆಸಿದರೆ ಮಾತ್ರ ಮಹಾರಾಷ್ಟ್ರದ ಪಿಂಚಣಿಗೆ ಅಲ್ಲಿನ ನಿಯಮದಂತೆ ಹೊಸದಾಗಿಯೇ ಅರ್ಜಿ ಹಾಕಬೇಕು.

ನೀವು ಕೇಳದೆ ಬಿಟ್ಟ ಒಂದೆರಡು ಸಂಗತಿ. ಮಗುವನ್ನು ಹತ್ತಿರದ ಅಂಗನವಾಡಿಗೆ ಸೇರಿಸಲಿ. ಆರು ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಆಹಾರ ಸಿಗುತ್ತದೆ, ಅದಕ್ಕೆ ಆ ಊರಿನ ರೇಷನ್ ಕಾರ್ಡ್ ಬೇಡ. ಕಟ್ಟಡ ಕಾರ್ಮಿಕರ ನೋಂದಣಿ ಆಯಾ ರಾಜ್ಯದ ಮಂಡಳಿಯದು. ಇಲ್ಲಿನ ಕಾರ್ಮಿಕ ಕಾರ್ಡಿಗೆ ಅಲ್ಲಿನ ಸೌಲಭ್ಯ ಇಲ್ಲ, ಅಲ್ಲೇ ನೋಂದಾಯಿಸಬೇಕು. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರವನ್ನು ಗುತ್ತಿಗೆದಾರರಿಂದ ಕೆಲಸ ಮುಗಿಯುವ ಮೊದಲೇ ಬರೆಸಿಕೊಳ್ಳಲಿ, ಆಮೇಲೆ ಅವರು ಕೈಗೆ ಸಿಗುವುದಿಲ್ಲ. ಆಯುಷ್ಮಾನ್ ಕಾರ್ಡಿನ 5 ಲಕ್ಷದ ನೆರವು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಇದೆ, ಆದರೆ ದಾಖಲಾದರೆ ಮಾತ್ರ. ನಿಮ್ಮ ಕಾರ್ಡು ಹೊರರಾಜ್ಯದಲ್ಲಿ ನಡೆಯುವ ಬಗೆಯದೇ ಎಂದು ಕಾಯಿಲೆ ಬೀಳುವ ಮೊದಲೇ 14555ಕ್ಕೆ ಕೇಳಿಡಿ.

ಕೊನೆಗೆ ಇ-ಕೆವೈಸಿ, ಅಂದರೆ ಕಾರ್ಡಿನಲ್ಲಿ ಹೆಸರಿರುವವರು ತಾವೇ ಎಂದು ಬೆರಳಿಟ್ಟು ಖಚಿತಪಡಿಸುವುದು. ಅದು ಆಗದೆ ಹೆಸರು ಕಳೆದುಕೊಳ್ಳುವವರಲ್ಲಿ ಊರು ಬಿಟ್ಟವರೇ ಮೊದಲಿಗರು. ಇದಕ್ಕಾಗಿ ನಿಮ್ಮ ತಮ್ಮ ಕೂಲಿ ಬಿಟ್ಟು ಯಾದಗಿರಿಗೆ ಬರಬೇಕಿಲ್ಲ. ಪುಣೆಯ ರೇಷನ್ ಅಂಗಡಿಯಲ್ಲೇ, ಅದೇ ಯಂತ್ರದಲ್ಲೇ ಮಾಡಿಸಿಕೊಳ್ಳಬಹುದು.