ಬಾವಿ ನೀರು ತಿಳಿಯಾಗಿಯೇ ಇದೆ, ಮೀನು ಯಾಕೆ ಸತ್ತಿತು?

ಓದುಗರ ಪ್ರಶ್ನೆಗಳಿಗೆ ಉತ್ತರ: ಮನೆಯ ಅಕ್ವೇರಿಯಂ

ಪ್ರಶ್ನೆ: ನಮ್ಮಲ್ಲಿ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಇದೆ. ಐದು ಗೋಲ್ಡ್ ಫಿಶ್, ನಾಲ್ಕು ಮೋಲಿ. ನೀರು ಮನೆಯ ಬಾವಿಯದ್ದೇ. ಏಳೆಂಟು ತಿಂಗಳು ಏನೂ ತೊಂದರೆ ಇರಲಿಲ್ಲ. ಈಚೆಗೆ ಮೀನುಗಳು ಮಂಕಾಗಿ ಮೂಲೆ ಸೇರಿದವು. ಪರೀಕ್ಷೆ ಮಾಡಿದಾಗ ಪಿಎಚ್ (ನೀರಿನ ಹುಳಿಯ ಅಳತೆ; 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) 5.5 ಬಂತು. ಅಂಗಡಿಯವರು ಹೇಳಿದಂತೆ ಸಂಜೆ ಒಂದು ಚಮಚ ಅಡುಗೆ ಸೋಡಾ ಹಾಕಿದೆವು. ಬೆಳಿಗ್ಗೆ ನೋಡುವಾಗ ನಾಲ್ಕು ಮೀನು ಸತ್ತಿದ್ದವು. ಸೋಡಾ ಮೀನಿಗೆ ವಿಷವೇ?
– ಓದುಗರು, ಕಟಪಾಡಿ

ಉತ್ತರ: ಸೋಡಾ ವಿಷವಲ್ಲ. ನಿಮ್ಮ ನೀರಿನಲ್ಲಿ ಮೊದಲೇ ಸೇರಿಕೊಂಡಿದ್ದ ಅಮೋನಿಯವನ್ನು ಅದು ಒಂದೇ ರಾತ್ರಿಯಲ್ಲಿ ವಿಷವಾಗಿಸಿತು. ಇದು ಕರಾವಳಿಯ ಬಾವಿ ನೀರು ಬಳಸುವವರೆಲ್ಲ ತಿಳಿದಿರಬೇಕಾದ ವಿಷಯ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮುರಕಲ್ಲಿನ ನೆಲದಲ್ಲಿ ತೋಡಿದ ಬಾವಿಗಳ ನೀರು ಬಹಳ ಮೆದು. ಅದರಲ್ಲಿ ಸುಣ್ಣದ ಅಂಶ, ಬೈಕಾರ್ಬೊನೇಟ್ ಎರಡೂ ಕಡಿಮೆ. ಹುಳಿಯನ್ನು ತಡೆದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಇತ್ತ ಟ್ಯಾಂಕಿನಲ್ಲಿ ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ದಿನವೂ ಅಮೋನಿಯ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಈ ಕೆಲಸಕ್ಕೆ ಖರ್ಚಾಗುವುದು ನೀರಿನ ಕ್ಷಾರತೆ, ಅಂದರೆ ಹುಳಿಯನ್ನು ತಡೆಯುವ ಆ ಶಕ್ತಿಯೇ. ಅಮೋನಿಯದ ರೂಪದಲ್ಲಿರುವ ಸಾರಜನಕ 1 ಮಿಲಿಗ್ರಾಂ ನೈಟ್ರೇಟ್ ಆಗಲು ಸುಮಾರು 7 ಮಿಲಿಗ್ರಾಂ ಕ್ಷಾರತೆ ಬೇಕು. ಮೆದು ನೀರಿನಲ್ಲಿ ಅದು ಬೇಗ ಮುಗಿಯುತ್ತದೆ, ಪಿಎಚ್ ಕುಸಿಯುತ್ತದೆ. 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾಗಳ ಕೆಲಸ ಬಹುತೇಕ ನಿಂತಂತೆಯೇ.

ಅಮೋನಿಯ ಅಲ್ಲಿಂದ ಸೇರುತ್ತಾ ಹೋಗುತ್ತದೆ. ಆದರೆ ಹುಳಿ ನೀರಿನಲ್ಲಿ ಅದು ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿರುವುದರಿಂದ ಮೀನು ಹೇಗೋ ತಾಳಿಕೊಳ್ಳುತ್ತದೆ. 28 ಡಿಗ್ರಿ ಬಿಸಿಯಲ್ಲಿ, ಪಿಎಚ್ 6 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ಶೇಕಡಾ 0.1ಕ್ಕೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ಶೇಕಡಾ 6 ದಾಟುತ್ತದೆ. ನಿಮ್ಮದು ಕಲ್ಲು, ಮರಳು ಕಳೆದರೆ 50 ಲೀಟರಿನ ಟ್ಯಾಂಕ್. ಅದಕ್ಕೆ ಒಂದು ಟೀ ಚಮಚ, ಅಂದರೆ ಸುಮಾರು 6 ಗ್ರಾಂ ಸೋಡಾ ಒಮ್ಮೆಲೇ ಬಿದ್ದರೆ ಪಿಎಚ್ 8ರ ಆಸುಪಾಸಿಗೆ ಹೋಗುತ್ತದೆ. ರಾತ್ರಿ ನಡೆದದ್ದು ಇದೇ. ನೀರು ತಿಳಿಯಾಗಿದೆ ಎಂದು ನಂಬಿ ಕೂರಬೇಡಿ. ಅಮೋನಿಯಕ್ಕೂ ನೈಟ್ರೈಟಿಗೂ ಬಣ್ಣವಿಲ್ಲ.

ಈಗ ಮಾಡಬೇಕಾದದ್ದು ಹೀಗೆ. ಎರಡು ದಿನ ಮೀನಿಗೆ ಆಹಾರ ಹಾಕಬೇಡಿ. ಬಾವಿ ನೀರನ್ನು ಬಾಲ್ದಿಯಲ್ಲಿ ತುಂಬಿ ರಾತ್ರಿಯಿಡೀ ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಬಿಟ್ಟಿಡಿ. ಆಗಷ್ಟೇ ಸೇದಿದ ನೀರಿನಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬಿರುವುದರಿಂದ ಪಿಎಚ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆ ನೀರಿನಿಂದ ಬೆಳಿಗ್ಗೆ 5 ಲೀಟರ್, ಸಂಜೆ 5 ಲೀಟರ್ ಬದಲಿಸುತ್ತಾ ಬನ್ನಿ. ಹನಿ ಹಾಕಿ ನೋಡುವ ಕಿಟ್‌ನಲ್ಲಿ ಅಮೋನಿಯ ಲೀಟರಿಗೆ 0.25 ಮಿಲಿಗ್ರಾಂಗಿಂತ ಕೆಳಗಿಳಿಯುವವರೆಗೆ ಪಿಎಚ್ ಏರಿಸುವ ಯಾವ ಪ್ರಯತ್ನವೂ ಬೇಡ.

ಇಳಿದ ಮೇಲೆ ಅಡುಗೆಮನೆಯಲ್ಲೇ ಪರಿಹಾರ ಇದೆ. ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದ ದಿನ ಚಿಪ್ಪು ಎಸೆಯಬೇಡಿ. ಮಾಂಸದ ಚೂರು ಒಂದೂ ಉಳಿಯದಂತೆ ಬ್ರಷ್‌ನಿಂದ ಉಜ್ಜಿ, ಸಾದಾ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಒಣಗಿಸಿ, ಒಂದೊಂದು ಚಿಪ್ಪು ನಾಲ್ಕೈದು ಚೂರಾಗುವಂತೆ ಒಡೆಯಿರಿ. ಅದರಲ್ಲಿ 150 ಗ್ರಾಂ ನೈಲಾನ್ ಬಲೆಯ ಚೀಲಕ್ಕೆ ಹಾಕಿ, ಫಿಲ್ಟರಿನ ನೀರು ಹಾದುಹೋಗುವ ಜಾಗದಲ್ಲೇ ಇಡಿ. ತಳದಲ್ಲಿ ಸುಮ್ಮನೆ ಬಿದ್ದಿದ್ದರೆ ಅಷ್ಟು ಪ್ರಯೋಜನವಿಲ್ಲ. ಚಿಪ್ಪು ಎಂದರೆ ಸುಣ್ಣದ ಕಾರ್ಬೊನೇಟ್. ನೀರು ಹುಳಿಯಾದಷ್ಟೂ ಬೇಗ ಕರಗುತ್ತದೆ, ಪಿಎಚ್ 7 ದಾಟಿದರೆ ನಿಧಾನವಾಗುತ್ತದೆ. ಸೋಡಾದಂತೆ ಒಮ್ಮೆಲೇ ಏರಿಸುವ ಅಪಾಯ ಇದರಲ್ಲಿಲ್ಲ. ಎರಡು ಮೂರು ತಿಂಗಳಿಗೆ ಚಿಪ್ಪಿನ ಮೇಲೆ ಲೋಳೆ ಕಟ್ಟುತ್ತದೆ, ಕರಗುವುದು ನಿಲ್ಲುತ್ತದೆ. ತೆಗೆದು ಉಜ್ಜಿ ಮತ್ತೆ ಹಾಕಿ. ಸೋಡಾವನ್ನೇ ಬಳಸುವುದಾದರೆ 50 ಲೀಟರಿಗೆ ದಿನಕ್ಕೆ ಕಾಲು ಟೀ ಚಮಚ, ಅದನ್ನೂ ಒಂದು ಲೋಟ ನೀರಿನಲ್ಲಿ ಕರಗಿಸಿ ಸುರಿಯಿರಿ.

ಇನ್ನೊಂದು ಮಾತು. 50 ಲೀಟರಿಗೆ ಐದು ಗೋಲ್ಡ್ ಫಿಶ್ ತೀರಾ ಹೆಚ್ಚು. ತುಂಬ ತಿಂದು ತುಂಬ ಕೊಳೆ ಮಾಡುವ ಮೀನು ಅದು. ಈ ಟ್ಯಾಂಕಿಗೆ ಎರಡು ಸಾಕು.

ಪ್ರಶ್ನೆ: ನಮ್ಮದು ಫ್ಲಾಟ್, ಕಾರ್ಪೊರೇಷನ್ ನೀರು. ತಿಂಗಳಿಗೊಮ್ಮೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಕಲ್ಲು, ಫಿಲ್ಟರ್ ಎಲ್ಲ ನಳ್ಳಿಯಡಿ ತೊಳೆದು ಹೊಸ ನೀರು ತುಂಬುತ್ತೇವೆ. ಇಷ್ಟು ಶುಚಿ ಮಾಡಿದರೂ ಪ್ರತಿ ಸಲ ಮರುದಿನ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ.
– ಓದುಗರು, ಕದ್ರಿ, ಮಂಗಳೂರು

ಉತ್ತರ: ಆ ಶುಚಿಯೇ ತೊಂದರೆ. ತುಂಬೆಯಿಂದ ಬರುವ ನೇತ್ರಾವತಿಯ ನೀರಾಗಲಿ, ಉಡುಪಿಗೆ ಬಜೆಯಿಂದ ಬರುವ ಸ್ವರ್ಣೆಯ ನೀರಾಗಲಿ, ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ಅದು ಮೀನಿನ ಕಿವಿರನ್ನು ಸುಡುತ್ತದೆ, ಸ್ಪಂಜಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಬ್ಯಾಕ್ಟೀರಿಯಾ ಮೊದಲಿನಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು; ನೀವು ಅದಕ್ಕೆ ಮೊದಲೇ ಮತ್ತೆ ತೊಳೆಯುತ್ತಿದ್ದೀರಿ.

ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರು ಬದಲಿಸಿದರೆ ಸಾಕು. ಅರ್ಧ ಇಂಚಿನ ಪೈಪಿನ ತುದಿಯನ್ನು ತಳದ ಕಲ್ಲಿನೊಳಗೆ ಊರಿ ನೀರೆಳೆಯಿರಿ, ಕೊಳೆ ಅಲ್ಲೇ ಇರುವುದು. ಹಾಗೆ ತೆಗೆದ ನೀರಿನಲ್ಲೇ ಸ್ಪಂಜನ್ನು ಎರಡು ಮೂರು ಸಲ ಹಿಂಡಿ. ಕಂದು ನೀರು ಇಳಿದರೆ ಆಯಿತು, ಸ್ಪಂಜ್ ಹೊಸದರಂತೆ ಬೆಳ್ಳಗಾಗಬೇಕಿಲ್ಲ.

ಹೊಸ ನೀರನ್ನು ಏರ್ ಸ್ಟೋನ್ ಹಾಕಿ 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ. ಪುರುಸೊತ್ತಿಲ್ಲದವರಿಗೆ ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್. ಅಕ್ವೇರಿಯಂ ಅಂಗಡಿಯಲ್ಲಿ ಆ್ಯಂಟಿ ಕ್ಲೋರಿನ್ ಎಂದು ಸಿಗುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದೂ ಇದೇ. 10 ಗ್ರಾಂ ಹರಳನ್ನು ಕರಗಿಸಿ 100 ಮಿಲಿ ದ್ರಾವಣ ಮಾಡಿ ಮುಚ್ಚಿಡಿ. 15 ಲೀಟರಿನ ಬಾಲ್ದಿಗೆ ಸಿರಿಂಜಿನಲ್ಲಿ 2 ಮಿಲಿ ಹಾಕಿ ಕಲಕಿ, ಐದು ನಿಮಿಷ ಬಿಟ್ಟು ಬಳಸಿ.

ಪ್ರಶ್ನೆ: ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಆ ನೀರು ಟ್ಯಾಂಕಿಗೆ ಆಗುತ್ತದೆಯೇ? ಅಡಿಕೆಗೆ ಮದ್ದು ಬಿಡುವ ಬಾಲ್ದಿಯನ್ನು ಚೆನ್ನಾಗಿ ತೊಳೆದು ಬಳಸಬಹುದೇ? ಕರೆಂಟು ಹೋದರೆ ಏನು ಮಾಡುವುದು?
– ಓದುಗರು, ಕಾರ್ಕಳ

ಉತ್ತರ: 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಹಾಕಿದ್ದರೆ ಎರಡು ದಿನ ಬಿಟ್ಟು ಬಳಸಬಹುದು. ಆದರೆ ಹೆಚ್ಚಿನವರು ಅಂದಾಜಿನ ಮೇಲೆ ಸುರಿಯುತ್ತಾರೆ, ಆದ್ದರಿಂದ ಹೈಪೋ ಹಾಕದೆ ಬಳಸಬೇಡಿ.

ಆ ಬಾಲ್ದಿ ಮಾತ್ರ ಖಂಡಿತ ಬೇಡ. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕೆಜಿ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್ ಇರುತ್ತದೆ. ಅದು 10 ಮಿಲಿಯಷ್ಟು ಉಳಿದು 50 ಲೀಟರಿನ ಟ್ಯಾಂಕಿಗೆ ಸೇರಿದರೂ ಲೀಟರಿಗೆ 0.5 ಮಿಲಿಗ್ರಾಂ ತಾಮ್ರವಾಯಿತು. ಅದರ ಕಾಲು ಭಾಗವೂ ನಮ್ಮ ಮೆದು ನೀರಿನಲ್ಲಿ ಮೀನಿಗೆ ಅಪಾಯ, ಯಾಕೆಂದರೆ ಕಿವಿರಿಗೆ ತಾಮ್ರ ಅಂಟದಂತೆ ತಡೆಯುವ ಸುಣ್ಣದ ಅಂಶ ಆ ನೀರಿನಲ್ಲಿಲ್ಲ. ಮೀನಿಗೆಂದೇ ಒಂದು ಹೊಸ ಬಾಲ್ದಿ ಇಟ್ಟುಕೊಳ್ಳಿ.

ಕರೆಂಟು ಹೋದಾಗ ಬ್ಯಾಟರಿಯ ಏರ್ ಪಂಪ್ ಇದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ಅರ್ಧ ಗಂಟೆಗೊಮ್ಮೆ ಟ್ಯಾಂಕಿನ ನೀರನ್ನೇ ಮಗ್‌ನಲ್ಲಿ ತೆಗೆದು ಒಂದಡಿ ಮೇಲಿನಿಂದ ಇಪ್ಪತ್ತು ಸಲ ಹೊಯ್ಯಿರಿ, ಆಹಾರ ಹಾಕಬೇಡಿ. ಮುಚ್ಚಿದ ಡಬ್ಬಿಯ ಫಿಲ್ಟರ್ ನಾಲ್ಕೈದು ಗಂಟೆ ನಿಂತಿದ್ದರೆ ಒಳಗಿನ ಕೊಳೆತ ನೀರು ಚೆಲ್ಲಿ, ಟ್ಯಾಂಕಿನ ನೀರಿನಿಂದ ಜಾಲಾಡಿ, ಆಮೇಲೆ ಚಾಲೂ ಮಾಡಿ.

ಪ್ರಶ್ನೆ: ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆ ಮದ್ದಿನ ಯಂತ್ರ ಹಾಕಬಹುದೇ?
– ಓದುಗರು, ಸುರತ್ಕಲ್

ಉತ್ತರ: ಬೇಡ. ಅದರಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಾಲು ಹೆಚ್ಚು ವಿಷ, ಮತ್ತು ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಸೊಳ್ಳೆ ಪರದೆ ಕಟ್ಟಿಕೊಳ್ಳಿ. ಆಗದಿದ್ದರೆ ಟ್ಯಾಂಕಿನ ಮುಚ್ಚಳ ಹಾಕಿ, ಉದ್ದದ ನಳಿಕೆ ಜೋಡಿಸಿ ಪಂಪನ್ನು ಪಕ್ಕದ ಕೋಣೆಗೆ ಸಾಗಿಸಿ. ಪಂಪ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಲಿ. ಕೆಳಗಿಟ್ಟರೆ ಕರೆಂಟು ಹೋದಾಗ ನೀರು ನಳಿಕೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯುತ್ತದೆ. ಮೇಲೆ ಇಡಲು ಜಾಗವಿಲ್ಲದಿದ್ದರೆ ನಳಿಕೆಗೆ ಒಂದು ನಾನ್ ರಿಟರ್ನ್ ವಾಲ್ವ್ ಸಿಕ್ಕಿಸಿ.