ಸುಳ್ಳಾಡದ ಸಾಕ್ಷಿಯೂ ತಪ್ಪಬಹುದು

ಕುಮಟಾದ ಓದುಗರೊಬ್ಬರ ಪತ್ರ ಬಂದಿದೆ. ಮಳೆಗಾಲದ ಒಂದು ಮುಸ್ಸಂಜೆ ಹೆದ್ದಾರಿ ಬದಿಯಲ್ಲಿ ಬೈಕಿನಲ್ಲಿ ಬಂದವನೊಬ್ಬ ಅವರ ಪಕ್ಕದ ಮನೆಯಾಕೆಯ ಸರ ಕಿತ್ತುಕೊಂಡು ಪರಾರಿಯಾದ. ಹತ್ತು ದಿನ ಬಿಟ್ಟು ಪೊಲೀಸರು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಆಮೇಲೆ, ಶಂಕಿತನನ್ನು ಬೇರೆಯವರ ಜೊತೆ ಸಾಲಾಗಿ ನಿಲ್ಲಿಸುವ ಗುರುತು ಪತ್ತೆ ಪರೇಡಿನಲ್ಲಿ ಆಕೆ ಅದೇ ಯುವಕನನ್ನು ತೋರಿಸಿದರು. ಈಗ ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಮನಶ್ಶಾಸ್ತ್ರದ ಮಾತೆತ್ತಿ ಆಕೆಯ ನೆನಪನ್ನೇ ಜಾಲಾಡಿದ್ದಾರಂತೆ. ‘ಆಣೆ ಮಾಡಿ ಹೇಳುವ ಹೆಂಗಸನ್ನು ಸುಳ್ಳಿ ಎನ್ನುವುದು ಎಂಥ ಶಾಸ್ತ್ರ? ಬೇಕಿದ್ದರೆ ಇಬ್ಬರಿಗೂ ಸುಳ್ಳು ಪತ್ತೆ ಯಂತ್ರ ಹಚ್ಚಲಿ’ ಎಂಬುದು ಪತ್ರ ಬರೆದವರ ಸಿಟ್ಟು.

ವಿಚಾರಣೆಯಲ್ಲಿರುವ ಪ್ರಕರಣದ ತೀರ್ಪು ಹೇಳುವವರು ನಾವಲ್ಲ. ಆದರೆ ಪ್ರಶ್ನೆಗೆ ಉತ್ತರವಿದೆ. ಆ ಶಾಸ್ತ್ರ ನಿಮ್ಮ ನೆರೆಯಾಕೆಯನ್ನು ಸುಳ್ಳಿ ಎನ್ನುವುದಿಲ್ಲ. ಪ್ರಾಮಾಣಿಕವಾಗಿ ಹೇಳುವುದು ಬೇರೆ, ಹೇಳಿದ್ದು ಸರಿಯಾಗಿರುವುದು ಬೇರೆ ಎನ್ನುತ್ತದೆ, ಅಷ್ಟೆ. ಯಂತ್ರದ ಮಾತೂ ಇಲ್ಲೇ ಬಿದ್ದುಹೋಗುತ್ತದೆ. ಅದು ಅಳೆಯುವುದು ಉಸಿರು, ಬೆವರು, ರಕ್ತದೊತ್ತಡವನ್ನು. ತಪ್ಪು ಮನುಷ್ಯನನ್ನು ಸರಿಯೆಂದೇ ನಂಬಿದ ಸಾಕ್ಷಿ ಅದರ ಮುಂದೆ ನಿರಾಳವಾಗಿ ಕೂರಬಲ್ಲರು. ಏನೂ ಮಾಡದವನು ಹೆದರಿ ಬೆವರಬಹುದು. ಮೇಲಾಗಿ, ಒಪ್ಪಿಗೆಯಿಲ್ಲದೆ ಆ ಪರೀಕ್ಷೆ, ಮಂಪರು ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಮಾಡಕೂಡದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಸೆಲ್ವಿ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣದ ಎದುರು ಪಕ್ಷ ನಮ್ಮ ಕರ್ನಾಟಕ ಸರ್ಕಾರವೇ.

ಮುಖ್ಯ ಪ್ರಶ್ನೆ ಆ ಮೊಬೈಲ್ ಫೋಟೊದ್ದು. ಸ್ಥಳದಲ್ಲಿ ಬಿದ್ದ ರಕ್ತದ ಕಲೆಯನ್ನು ಯಾರೂ ಬರಿಗೈಯಲ್ಲಿ ತೀಡಿ ನೋಡುವುದಿಲ್ಲ. ಸಾಕ್ಷಿಯ ನೆನಪನ್ನು ಮಾತ್ರ ಎಲ್ಲರೂ ತೀಡುತ್ತಾರೆ. ಒಂದೇ ಫೋಟೊ ತೋರಿಸಿ ‘ಇವನೇ ಏನು ನೋಡಿ’ ಎಂದ ಮೇಲೆ ಪರೇಡಿನಲ್ಲಿ ಆಕೆ ಗುರುತಿಸಿದ್ದು ಹೆದ್ದಾರಿಯಲ್ಲಿ ಕಂಡ ಮುಖವನ್ನೋ, ಮೊಬೈಲಿನಲ್ಲಿ ಕಂಡದ್ದನ್ನೋ? ಆಕೆಗೇ ಹೇಳಲಾಗದು. ಮುಖ ಪರಿಚಿತ ಅನ್ನಿಸುವುದು ನಿಜ. ಎಲ್ಲಿಂದ ಪರಿಚಿತ ಎಂಬುದು ಮನಸ್ಸಿನಲ್ಲಿ ಅಳಿಸಿಹೋಗುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ ‘ಸರಗಳ್ಳ ಸಿಕ್ಕ’ ಎಂದು ಫೋಟೊ ಹರಿದಾಡಿದರೂ ಇದೇ ಕೆಡುಕು. ಗುರುತಿಸುವಿಕೆಯ ಮೊದಲ ಪರೀಕ್ಷೆ ಒಂದೇ ಸಲ ಸಾಧ್ಯ. ಎರಡನೆಯದು ಮೊದಲನೆಯದರ ನೆರಳು.

ಪ್ರಶ್ನೆಯ ಧಾಟಿಯೂ ನೆನಪನ್ನು ತಿದ್ದುತ್ತದೆ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್, ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕು ತೋರಿಸಿ ವೇಗ ಕೇಳಿದರು. 50 ಜನರಿಗೆ ‘ಡಿಕ್ಕಿಯಾದಾಗ’ ಎಂದು, ಇನ್ನು 50 ಜನರಿಗೆ ‘ಜಜ್ಜಿಹೋಗುವಂತೆ ಅಪ್ಪಳಿಸಿದಾಗ’ ಎಂದು. ವಾರದ ನಂತರ ‘ಒಡೆದ ಗಾಜು ಕಂಡಿರಾ’ ಎಂದರೆ ಮೊದಲ ಗುಂಪಿನಲ್ಲಿ 7 ಜನ, ಎರಡನೆಯದರಲ್ಲಿ 16 ಜನ ಹೌದೆಂದರು. ತುಣುಕಿನಲ್ಲಿ ಒಡೆದ ಗಾಜೇ ಇರಲಿಲ್ಲ. ಆದ್ದರಿಂದ ಮೊದಲ ಹೇಳಿಕೆ ಪಡೆಯುವಾಗ ‘ಗಡ್ಡ ಇತ್ತಾ?’ ಎಂದು ಕೇಳಬಾರದು. ‘ಕಂಡದ್ದನ್ನೆಲ್ಲ ಹೇಳಿ’ ಎಂದು ಬಿಡಬೇಕು, ನಡುವೆ ಬಾಯಿ ಹಾಕಬಾರದು. ಹೇಳಿಕೆಯನ್ನು ಆಡಿಯೊ–ವಿಡಿಯೊದಲ್ಲಿ ದಾಖಲಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಂ ಅವಕಾಶ ಕೊಟ್ಟಿದೆ. ಕಾರವಾರದ ಕಡೆ ಸಾಕ್ಷಿ ಕೊಂಕಣಿಯಲ್ಲಿ ಅನುಮಾನಿಸುತ್ತ ಹೇಳಿದ್ದು ಠಾಣೆಯ ಕನ್ನಡದಲ್ಲಿ ‘ಖಚಿತವಾಗಿ ಗುರುತಿಸುತ್ತೇನೆ’ ಎಂದಾಗದಂತೆ ತಡೆಯಲು ಅದೊಂದೇ ದಾರಿ. ಸ್ಥಳ ಮಹಜರಿನಲ್ಲೂ ಅಷ್ಟೆ: ಘಟನೆ ನಡೆದ ಹೊತ್ತಿಗೇ ಹೋಗಿ, ಟೇಪು ಹಿಡಿದು ಅಂತರ ಅಳೆದು, ದೀಪದ ಕಂಬ ಎಲ್ಲಿದೆ, ಉರಿಯುತ್ತಿತ್ತೇ, ಹೆಲ್ಮೆಟ್ ಇತ್ತೇ, ಮುಖ ಎಷ್ಟು ಸೆಕೆಂಡು ಕಂಡಿತು ಎಂದು ಬರೆಯಬೇಕು. ‘ಸಾಕಷ್ಟು ಬೆಳಕಿತ್ತು’ ಎಂಬ ಸಿದ್ಧವಾಕ್ಯದಿಂದ ಯಾರಿಗೂ ಉಪಯೋಗವಿಲ್ಲ.

ಪರೇಡು ಕೆಡುವುದು ಜೊತೆಗೆ ನಿಲ್ಲಿಸುವವರ ಆಯ್ಕೆಯಲ್ಲಿ. ಒಬ್ಬ ಶಂಕಿತನ ಜೊತೆ ಐದು ಜನ ನಿಂತರೆ ಕಣ್ಣುಮುಚ್ಚಿ ಬೊಟ್ಟು ಮಾಡಿದರೂ ಆರರಲ್ಲಿ ಒಂದು ಸಲ ಅವನೇ ಸಿಗುತ್ತಾನೆ. ಇಂಗ್ಲೆಂಡಿನ ನಿಯಮ ಶಂಕಿತನ ಜೊತೆ ಕನಿಷ್ಠ ಎಂಟು ಜನ ಬೇಕೆನ್ನುವುದು ಇದಕ್ಕೇ. ಆದರೆ ತಲೆ ಎಣಿಕೆ ಮಾತ್ರ ಸಾಲದು. ದಿನಗಟ್ಟಲೆ ಬಂಧನದಲ್ಲಿದ್ದು ಗಡ್ಡ ಬೆಳೆದ, ಹವಾಯಿ ಚಪ್ಪಲಿಯ ಹುಡುಗನ ಪಕ್ಕ ಇಸ್ತ್ರಿ ಅಂಗಿ, ಬೂಟಿನ ಐವರನ್ನು ನಿಲ್ಲಿಸಿದರೆ ಅಲ್ಲಿ ನಿಜವಾಗಿ ನಿಂತವನು ಒಬ್ಬನೇ. ಇದನ್ನು ಪರೀಕ್ಷಿಸುವ ಸುಲಭ ಕ್ರಮವಿದೆ. ಸಾಲಿನ ಫೋಟೊವನ್ನೂ ಸಾಕ್ಷಿ ಕೊಟ್ಟ ಚಹರೆಯ ವಿವರವನ್ನೂ ಘಟನೆಯನ್ನೇ ನೋಡದ 30 ಜನರಿಗೆ ಕೊಟ್ಟು ‘ಯಾರಿರಬಹುದು’ ಎಂದು ಕೇಳಿ. ಆರು ಜನರ ಸಾಲಾದರೆ ಶಂಕಿತನಿಗೆ ಸುಮಾರು ಐದು ಮತ ಬರಬೇಕು. ಇಪ್ಪತ್ತು ಬಂದರೆ ಆ ಪರೇಡು ನೆನಪನ್ನು ಪರೀಕ್ಷಿಸಿಲ್ಲ.

ಪರೇಡು ನಡೆಸುವ ತಹಶೀಲ್ದಾರರು ‘ಅವನು ಈ ಸಾಲಿನಲ್ಲಿ ಇರಬಹುದು, ಇಲ್ಲದೆಯೂ ಇರಬಹುದು’ ಎಂದು ಮೊದಲೇ ಹೇಳಬೇಕು. ತನಿಖಾಧಿಕಾರಿ ಕಣ್ಣಿಗೂ ಬೀಳಬಾರದು. ಸಾಕ್ಷಿ ತೋರಿಸಿದೊಡನೆ ‘ಎಷ್ಟು ಖಾತ್ರಿ?’ ಎಂದು ಕೇಳಿ, ಆಡಿದ ಮಾತನ್ನೇ ಬರೆದುಕೊಳ್ಳಬೇಕು, ಹಿಡಿದ ಸಮಯವನ್ನೂ. ‘ಸರಿಯಾಗಿ ಗುರುತಿಸಿದಿರಿ’ ಎಂಬ ಒಂದು ಹೊಗಳಿಕೆ ಎಲ್ಲವನ್ನೂ ಹಾಳುಮಾಡುತ್ತದೆ. 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಗ್ಯಾರಿ ವೆಲ್ಸ್, ಆಮಿ ಬ್ರಾಡ್‌ಫೀಲ್ಡ್ ಅಪರಾಧಿಯೇ ಇಲ್ಲದ ಫೋಟೊ ಸಾಲು ಕೊಟ್ಟು, ತಪ್ಪಾಗಿ ಆರಿಸಿದವರಿಗೆ ಹಾಗೆಂದು ನೋಡಿದರು. ತಮಗೆ ಮೊದಲಿಂದಲೂ ಖಾತ್ರಿಯಿತ್ತು, ಮುಖ ಚೆನ್ನಾಗಿ ಕಂಡಿತ್ತು ಎಂದೇ ಅವರು ಹೇಳತೊಡಗಿದರು.

ಇಲ್ಲಿ ಕಾನೂನಿಗೂ ಮನಶ್ಶಾಸ್ತ್ರಕ್ಕೂ ಜಗ್ಗಾಟವಿದೆ. ನಮ್ಮ ನ್ಯಾಯಾಲಯಗಳಿಗೆ ಕಟಕಟೆಯ ಎದುರು ನಿಂತು ಗುರುತಿಸುವುದೇ ಮೂಲ ಸಾಕ್ಷ್ಯ, ಪರೇಡು ಅದಕ್ಕೆ ಪೂರಕ. ಸಂಶೋಧನೆ ಹೇಳುವುದು ಇದರ ತದ್ವಿರುದ್ಧ: ಸರಿಯಾಗಿ ನಡೆಸಿದ ಮೊದಲ ಪರೀಕ್ಷೆಯಲ್ಲಿ ತಕ್ಷಣ ತೋರಿದ ವಿಶ್ವಾಸಕ್ಕೆ ಬೆಲೆಯಿದೆ; ವರ್ಷಗಳ ನಂತರ ಕೋರ್ಟಿನಲ್ಲಿ ಹೇಳುವ ‘ನೂರಕ್ಕೆ ನೂರು’ ಎಂಬುದಕ್ಕೆ ಹೆಚ್ಚಿನ ಬೆಲೆಯಿಲ್ಲ. ಈ ವಿಷಯದಲ್ಲಿ ನಮ್ಮ ಒಲವು ಸಂಶೋಧನೆಯ ಕಡೆಗೇ. ಅಮೆರಿಕದ ರೊನಾಲ್ಡ್ ಕಾಟನ್ ಅತ್ಯಾಚಾರ ಪ್ರಕರಣವೊಂದರಲ್ಲಿ ಸಂತ್ರಸ್ತೆಯ ಅಚಲ ಗುರುತಿಸುವಿಕೆಯ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದು, 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆಯಾದರು. ಆಕೆ ಸುಳ್ಳು ಹೇಳಿರಲಿಲ್ಲ. ನಿಜವಾದ ಅಪರಾಧಿಯ ಮೇಲೆ ಆ ಮೊಕದ್ದಮೆ ಅಷ್ಟೂ ಕಾಲ ನಡೆಯಲಿಲ್ಲ.

ಸಾಕ್ಷಿಗಳಷ್ಟೇ ಅಲ್ಲ, ತೀರ್ಪು ಕೊಡುವವರೂ ಮನುಷ್ಯರೇ. ಜರ್ಮನಿಯ ಒಂದು ಪ್ರಯೋಗದಲ್ಲಿ ಕಾನೂನು ವೃತ್ತಿಯವರು ಎರಡು ದಾಳ ಉರುಳಿಸಿದ ಮೇಲೆ ಒಂದೇ ಅಪರಾಧಕ್ಕೆ ಶಿಕ್ಷೆ ಸೂಚಿಸಬೇಕಿತ್ತು. ಒಟ್ಟು 3 ಬಿದ್ದವರು ಸರಾಸರಿ ಐದು ತಿಂಗಳು, 9 ಬಿದ್ದವರು ಸುಮಾರು ಎಂಟು ತಿಂಗಳು ಎಂದರು.

ಆದ್ದರಿಂದ ನಿಮ್ಮ ಪ್ರಕರಣದಲ್ಲಿ ಭಾರವನ್ನೆಲ್ಲ ಒಬ್ಬ ಹೆಂಗಸಿನ ಕಣ್ಣಿನ ಮೇಲೆ ಹೊರಿಸುವುದು ಸರಿಯಲ್ಲ. ಸರ ಯಾರ ಮಾಹಿತಿಯಿಂದ, ಎಲ್ಲಿ ಸಿಕ್ಕಿತು? ಹೊಳೆಗದ್ದೆ ಟೋಲಿನ ಕ್ಯಾಮೆರಾದಲ್ಲಿ ಬೈಕು ದಾಟಿದೆಯೇ? ಇಂಥ ದೃಶ್ಯಗಳ ಮೇಲೆ ಹೊಸತು ಬರೆದುಕೊಂಡು ಹಳೆಯದು ಅಳಿಯುತ್ತದೆ, ಕೂಡಲೇ ತೆಗೆದಿಟ್ಟಿರಬೇಕು. ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಜೊತೆಗಿರಬೇಕು. ಸರ್ಕಾರಿ ಅಭಿಯೋಜಕರನ್ನು ಕಂಡು ಇವನ್ನು ಕೇಳಿ. ನಿಮ್ಮ ನೆರೆಯಾಕೆಗೂ ಒಂದು ಮಾತು ಹೇಳಿ: ಪರೇಡಿಗೆ ಮುಂಚೆ ಫೋಟೊ ತೋರಿಸಿದ್ದರೇ ಎಂದು ಕೇಳಿದರೆ ‘ತೋರಿಸಿದ್ದರು’ ಎಂದೇ ಹೇಳಲಿ, ಎಷ್ಟು ಕಂಡಿತ್ತೋ ಅಷ್ಟೇ ಹೇಳಲಿ.