ಒಂದೂವರೆ ವರ್ಷದಲ್ಲಿ ಬೇಕಾಗುವ ದುಡ್ಡನ್ನೂ ಇಟಿಎಫ್‌ಗೆ ಹಾಕಬಹುದೇ?

ನೀವು ಕೇಳಿದ್ದು ಇಷ್ಟು. ಕೈಯಲ್ಲಿ ಒಂದಷ್ಟು ಉಳಿತಾಯ ಇದೆ. ಅದರಲ್ಲಿ ಮೂರನೇ ಒಂದು ಭಾಗ ಇನ್ನು ಒಂದೂವರೆ ವರ್ಷಕ್ಕೆ ಓದಿನ ಫೀಸಿಗೆ ಬೇಕು. ಉಳಿದದ್ದು ಹದಿನೈದು ವರ್ಷ ಬೇಕಾಗುವುದಿಲ್ಲ. ಒಂಬತ್ತು ಇಟಿಎಫ್‌ಗಳ (ಹಲವು ಷೇರು ಅಥವಾ ಸಾಲಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡಿರುವ, ಷೇರಿನಂತೆ ಮಾರುಕಟ್ಟೆಯಲ್ಲಿ ಕೊಂಡು ಮಾರಬಹುದಾದ ಫಂಡ್‌ಗಳ) ಪಟ್ಟಿ ಮಾಡಿದ್ದೀರಿ. ಅದರಲ್ಲಿ ಯಾವುದು ಒಳ್ಳೆಯದು? ಎಲ್ಲ ದುಡ್ಡನ್ನೂ ಅಲ್ಲೇ ಹಾಕಿ, ಫೀಸಿನ ಸಮಯಕ್ಕೆ ಬೇಕಾದಷ್ಟು ಮಾರಿಕೊಂಡರೆ ಆಗದೇ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ. ಬೇಡ, ಹಾಗೆ ಮಾಡಬೇಡಿ.

ನಾನು ಅದನ್ನೇ ಮಾಡಿದ್ದೆ. ಮನೆಗೆ ಮುಂಗಡ ಕೊಡಲು ಕೂಡಿಸಿದ್ದ ಹಣವನ್ನು 2019ರಲ್ಲಿ ಷೇರು ಇಟಿಎಫ್‌ಗೆ ಹಾಕಿದೆ. ಬ್ಯಾಂಕಿನಲ್ಲಿ ಸುಮ್ನೆ ಯಾಕೆ ಬಿದ್ದಿರಬೇಕು ಅನ್ನಿಸಿತ್ತು. ಮುಂಗಡ ಕೊಡಬೇಕಾಗಿದ್ದು 2020ರ ಮಾರ್ಚ್ ಕೊನೆಗೆ. ಆ ವರ್ಷ ಫೆಬ್ರವರಿ 19ರಿಂದ ಮಾರ್ಚ್ 23ರ ಒಳಗೆ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ (ಅಲ್ಲಿನ ಸುಮಾರು 500 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಒಟ್ಟಾಗಿ ತೋರಿಸುವ ಅಂಕಿ) ಸುಮಾರು ಶೇ. 34ರಷ್ಟು ಬಿತ್ತು. ಪ್ರಪಂಚದ ಬೇರೆ ಮಾರುಕಟ್ಟೆಗಳೂ ಜೊತೆಗೇ ಬಿದ್ದವು. ಇದಕ್ಕೆ ಹಿಡಿದದ್ದು ಐದು ವಾರ ಅಷ್ಟೇ. ನನಗೆ ಮಾರದೆ ಬೇರೆ ದಾರಿ ಇರಲಿಲ್ಲ. ಕಡಿಮೆ ಬಿದ್ದದ್ದನ್ನು ಸಾಲ ಮಾಡಿ ತುಂಬಿಸಿದೆ. ಅದೇ ಸೂಚ್ಯಂಕ ಆಗಸ್ಟ್‌ನಲ್ಲಿ ಮತ್ತೆ ಹಳೆಯ ಎತ್ತರ ಮುಟ್ಟಿತು. ನಾನು ಆರಿಸಿದ ಇಟಿಎಫ್‌ನಲ್ಲಿ ಏನೂ ತಪ್ಪಿರಲಿಲ್ಲ. ಕಡಿಮೆ ಖರ್ಚಿನದು, ದೊಡ್ಡದು, ಚೆನ್ನಾಗಿ ನಡೆಯುತ್ತಿದ್ದುದು. ಆದರೆ ಐದು ತಿಂಗಳು ಕಾಯುವಷ್ಟು ಪುರುಸೊತ್ತು ಆ ದುಡ್ಡಿಗೆ ಇರಲಿಲ್ಲ.

ಅದೂ ಬೇಗ ಚೇತರಿಸಿಕೊಂಡ ಕುಸಿತ. 2007ರ ಅಕ್ಟೋಬರ್‌ನಲ್ಲಿ ಶುರುವಾದ ಕುಸಿತದಲ್ಲಿ ಅದೇ ಸೂಚ್ಯಂಕ 2009ರ ಮಾರ್ಚ್ ಹೊತ್ತಿಗೆ ಸುಮಾರು ಶೇ. 57ರಷ್ಟು ಇಳಿದಿತ್ತು. ಹಳೆಯ ಮಟ್ಟಕ್ಕೆ ವಾಪಸ್ ಬಂದದ್ದು 2013ರಲ್ಲಿ. ಹಾಗಾಗಿ ಐದು ವರ್ಷದೊಳಗೆ ಬೇಕಾಗುವ ದುಡ್ಡನ್ನು ನಾನೀಗ ಷೇರಿನ ಹತ್ತಿರವೂ ಬಿಡುವುದಿಲ್ಲ. ಇದನ್ನು ಅತಿ ಎಚ್ಚರಿಕೆ ಅನ್ನುವವರು ಇದ್ದಾರೆ. ಅವರ ಫೀಸಿನ ತಾರೀಕು ಮುಂದೆ ಹೋಗುವಂಥದ್ದಾದರೆ ಅವರ ಮಾತು ಸರಿ. ನಿಮ್ಮದು ಮುಂದೆ ಹೋಗುವುದಿಲ್ಲ, ಅಲ್ವಾ?

ಆದ್ದರಿಂದ ಆ ಒಂಬತ್ತು ಹೆಸರುಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ದುಡ್ಡನ್ನು ತಾರೀಕಿನ ಪ್ರಕಾರ ಬೇರೆ ಮಾಡಿ. ಫೀಸಿನ ಭಾಗ ಒಂದು, ಹದಿನೈದು ವರ್ಷದ ಭಾಗ ಇನ್ನೊಂದು. ನೀವು ಹೇಳದೆ ಬಿಟ್ಟ ಮೂರನೆಯದೂ ಒಂದಿದೆ. ಕೆಲಸ ಹೋದರೆ, ಆರೋಗ್ಯ ಕೆಟ್ಟರೆ ಕೆಲವು ತಿಂಗಳು ನಡೆಸಲು ಬೇಕಾಗುವ ಹಣ. ಅದನ್ನು ಈಗಾಗಲೇ ಬೇರೆ ಇಟ್ಟಿದ್ದರೆ ಸಂತೋಷ. ಇಲ್ಲದಿದ್ದರೆ ಹದಿನೈದು ವರ್ಷದ ಭಾಗದಿಂದಲೇ ತೆಗೆದಿಡಿ. ಅದಿಲ್ಲದೆ ಹೋದರೆ ಕಷ್ಟ ಬಂದ ದಿನ ಇಟಿಎಫ್ ಮಾರಲೇಬೇಕಾಗುತ್ತದೆ. ಎಲ್ಲರಿಗೂ ಕೆಲಸ ಹೋಗುವ ಕಾಲ ಮತ್ತು ಮಾರುಕಟ್ಟೆ ಬೀಳುವ ಕಾಲ ಹೆಚ್ಚಾಗಿ ಒಟ್ಟಿಗೇ ಬರುತ್ತವೆ.

ಈಗ ಫೀಸಿನ ದುಡ್ಡು. ಇದರಿಂದ ಲಾಭ ಮಾಡುವ ಆಸೆ ಬಿಡಿ. ಆ ದಿನ ಪೂರ್ತಿ ಮೊತ್ತ ಕೈಗೆ ಬರಬೇಕು, ಅಷ್ಟೇ. ಉಳಿತಾಯ ಖಾತೆಯಲ್ಲಿ ಯಾವಾಗ ಬೇಕಾದರೂ ತೆಗೆಯಬಹುದು, ಬಡ್ಡಿ ಸಾಮಾನ್ಯವಾಗಿ ಕಡಿಮೆ. ನಿಶ್ಚಿತ ಠೇವಣಿಯಲ್ಲಿ ಬಡ್ಡಿ ಮೊದಲೇ ಗೊತ್ತು. ಅವಧಿಗೆ ಮೊದಲೇ ಮುರಿಸಿದರೆ ಬಡ್ಡಿಗೆ ಕತ್ತರಿ ಬೀಳಬಹುದು, ಕೆಲವನ್ನು ಮುರಿಸಲು ಬಿಡುವುದೇ ಇಲ್ಲ. ಅದನ್ನು ಇಡುವ ಮುಂಚೆಯೇ ಕೇಳಿಕೊಳ್ಳಿ. ಎರಡಕ್ಕೂ ನಿಮ್ಮ ದೇಶದ ಠೇವಣಿ ವಿಮೆಯ (ಬ್ಯಾಂಕ್ ಮುಳುಗಿದರೆ ಹಣ ವಾಪಸ್ ಕೊಡುವ ವಿಮೆ) ಮಿತಿ ಎಷ್ಟು ಅಂತ ನೋಡಿ. ಮೊತ್ತ ಅದಕ್ಕಿಂತ ದೊಡ್ಡದಿದ್ದರೆ ಎರಡು ಬ್ಯಾಂಕ್‌ಗಳಲ್ಲಿ ಹಂಚಿ ಇಡಿ.

ಟ್ರೆಷರಿ ಬಿಲ್ ನನಗೆ ತುಂಬ ಇಷ್ಟವಾದ ದಾರಿ. ಸರ್ಕಾರ ಕಡಿಮೆ ಸಮಯಕ್ಕೆ ತೆಗೆದುಕೊಳ್ಳುವ ಸಾಲ ಅದು. ಅವಧಿ ಸಾಮಾನ್ಯವಾಗಿ ಒಂದು ವರ್ಷ ದಾಟುವುದಿಲ್ಲ. ಅದರಲ್ಲಿ ಬಡ್ಡಿ ಅಂತ ಬೇರೆ ಬರುವುದಿಲ್ಲ. ಮುಖಬೆಲೆ 100 ಇದ್ದರೆ 96ಕ್ಕೋ 97ಕ್ಕೋ ಕೊಳ್ಳುತ್ತೀರಿ, ಅವಧಿ ಮುಗಿದ ದಿನ 100 ಸಿಗುತ್ತದೆ. ನಡುವೆ ಅದರ ಬೆಲೆ ಏನೇ ಆಗಲಿ, ಕೊನೆಯವರೆಗೆ ಇಟ್ಟುಕೊಂಡವರಿಗೆ ಅದು ಸಂಬಂಧವಿಲ್ಲ. ನಿಮಗೆ ಹದಿನೆಂಟು ತಿಂಗಳು ಬೇಕಿರುವುದರಿಂದ ಮೊದಲು ಒಂದು ವರ್ಷದ ಬಿಲ್ ಕೊಳ್ಳಿ. ಅದು ಮುಗಿದ ಮೇಲೆ ಫೀಸಿಗೆ ಸ್ವಲ್ಪ ಮೊದಲೇ ಮುಗಿಯುವಂಥ ಇನ್ನೊಂದು ಕೊಳ್ಳಿ. ಎರಡನೆಯ ಸಲ ಎಷ್ಟು ಸಿಗುತ್ತದೋ ಇವತ್ತು ಗೊತ್ತಿರುವುದಿಲ್ಲ. ಅದರಿಂದ ದೊಡ್ಡ ತೊಂದರೆ ಇಲ್ಲ, ಅಸಲು ಮಾತ್ರ ಕದಲಬಾರದು. ಹರಾಜಿನಲ್ಲಿ ಬೆಲೆ ಕೂಗಿ ಬಿಲ್ ಕೊಳ್ಳುವುದು ಕಷ್ಟ ಅನ್ನಿಸಿದರೆ ಒಂದೂವರೆ ವರ್ಷದ ಠೇವಣಿಯೇ ಸಾಕು, ಯೋಚಿಸುತ್ತಾ ಕೂರಬೇಡಿ.

ಮನಿ ಮಾರ್ಕೆಟ್ ಫಂಡ್ ಎಂಬ ಇನ್ನೊಂದು ದಾರಿಯೂ ಇದೆ. ಇಂಥ ಬಿಲ್‌ಗಳನ್ನೂ ಬ್ಯಾಂಕ್ ಮತ್ತು ಕಂಪನಿಗಳ ಅಲ್ಪಾವಧಿ ಸಾಲಪತ್ರಗಳನ್ನೂ ಒಟ್ಟು ಮಾಡಿ ಇಟ್ಟುಕೊಳ್ಳುವ ಫಂಡ್ ಅದು. ಬಹುಪಾಲು ಸಮಯ ಶಾಂತವಾಗಿಯೇ ಇರುತ್ತದೆ. ಆದರೆ ಅದು ಬ್ಯಾಂಕ್ ಠೇವಣಿ ಅಲ್ಲ, ಅದಕ್ಕೆ ಠೇವಣಿ ವಿಮೆ ಇಲ್ಲ. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾಯಿತು. ಅದರ ಸಾಲಪತ್ರಗಳನ್ನು ಇಟ್ಟುಕೊಂಡಿದ್ದ ರಿಸರ್ವ್ ಪ್ರೈಮರಿ ಫಂಡ್ ಎಂಬ ಮನಿ ಮಾರ್ಕೆಟ್ ಫಂಡ್‌ನ ಯೂನಿಟ್ ಬೆಲೆ ಮರುದಿನವೇ 1 ಡಾಲರ್‌ನಿಂದ 97 ಸೆಂಟ್‌ಗೆ ಇಳಿಯಿತು. ನಷ್ಟ ಶೇ. 3 ಅಷ್ಟೇ ಅನ್ನಬಹುದು. ಆದರೆ ಎಲ್ಲರೂ ಒಟ್ಟಿಗೆ ವಾಪಸ್ ಕೇಳಿದ್ದರಿಂದ ದುಡ್ಡು ಕೊಡುವುದೇ ನಿಂತುಹೋಯಿತು. ಫೀಸಿನ ದುಡ್ಡಿಗೆ ಶೇ. 3ರ ನಷ್ಟಕ್ಕಿಂತ ಇದು ಜಾಸ್ತಿ ಅಪಾಯ. ಹಾಗಾಗಿ ಇಂಥ ಫಂಡ್ ಕೊಳ್ಳುವುದಾದರೆ ಅದರ ಒಳಗೆ ಏನಿದೆ ಎಂದು ತೆಗೆದು ನೋಡಿ. ಬಹುತೇಕ ಸರ್ಕಾರಿ ಬಿಲ್‌ಗಳೇ ಇದ್ದರೆ ನಾನು ಒಪ್ಪುತ್ತೇನೆ. ಪಕ್ಕದ ಫಂಡ್ ಇದಕ್ಕಿಂತ ಶೇ. 1 ಜಾಸ್ತಿ ಕೊಡುತ್ತಿದೆ ಎಂದರೆ ಆ ಜಾಸ್ತಿ ಎಲ್ಲಿಂದ ಬಂತು ಎಂದು ಕೇಳಿ.

ಹಣವನ್ನು ತಾತ್ಕಾಲಿಕವಾಗಿ ಇಡಲೆಂದೇ ಮಾಡಿದ ಕ್ಯಾಶ್ ಇಟಿಎಫ್‌ಗಳಿಗೂ ಇದೇ ಮಾತು. ನಿಮ್ಮ ಪಟ್ಟಿಯಲ್ಲಿ ಬಾಂಡ್ ಇಟಿಎಫ್ ಒಂದಿದೆ ಅಂದಿರಲ್ಲ, ಅದು ಕ್ಯಾಶ್ ಇಟಿಎಫ್ ಅಲ್ಲ. ಬಾಂಡ್ ಅಂದರೆ ಸರ್ಕಾರವೋ ಕಂಪನಿಯೋ ಪಡೆಯುವ ಸಾಲದ ಪತ್ರ. ಅದು ಸುರಕ್ಷಿತ ಎಂದು ಎಷ್ಟೋ ಜನ ಅಂದುಕೊಂಡಿರುತ್ತಾರೆ. ಬಡ್ಡಿದರ ಏರಿದರೆ ಹಳೆಯ ಬಾಂಡ್‌ಗಳ ಬೆಲೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದನ್ನು ಡ್ಯುರೇಶನ್ ಎಂಬ ಅಂಕಿ ಹೇಳುತ್ತದೆ. ಡ್ಯುರೇಶನ್ 7 ವರ್ಷ ಇದ್ದು ಬಡ್ಡಿದರ ಶೇ. 1 ಏರಿದರೆ ಬೆಲೆ ಸುಮಾರು ಶೇ. 7 ಬೀಳುತ್ತದೆ. ಡ್ಯುರೇಶನ್ ಅರ್ಧ ವರ್ಷಕ್ಕಿಂತ ಕಡಿಮೆ ಇದ್ದರೆ ಹೆಚ್ಚುಕಮ್ಮಿ ಅಲುಗಾಟ ಇರುವುದಿಲ್ಲ. ಈ ಒಂದು ಅಂಕಿಯನ್ನು ಫಂಡ್‌ನ ಮಾಹಿತಿ ಪತ್ರದಲ್ಲಿ ಹುಡುಕಿ ನೋಡದೆ ಬಾಂಡ್ ಇಟಿಎಫ್ ಕೊಳ್ಳಲೇಬೇಡಿ.

ಇದು ದೊಡ್ಡವರಿಗೂ ಆಗುವ ತಪ್ಪು. 2023ರ ಮಾರ್ಚ್‌ನಲ್ಲಿ ಮುಳುಗಿದ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಅನ್ನೇ ನೋಡಿ. ಅದರಲ್ಲಿದ್ದದ್ದು ಗ್ರಾಹಕರು ಯಾವ ದಿನ ಬೇಕಾದರೂ ಕೇಳಬಹುದಾದ ಹಣ. ಬ್ಯಾಂಕು ಅದರಲ್ಲಿ ದೊಡ್ಡ ಭಾಗವನ್ನು ದೀರ್ಘಾವಧಿಯ ಬಾಂಡ್‌ಗಳಲ್ಲಿ ಇಟ್ಟಿತ್ತು. ಅಮೆರಿಕದಲ್ಲಿ ಬಡ್ಡಿದರ ಒಂದೇ ವರ್ಷದಲ್ಲಿ ಸೊನ್ನೆಯ ಹತ್ತಿರದಿಂದ ಶೇ. 4.5 ಮುಟ್ಟಿತು. ಬಾಂಡ್‌ಗಳ ಬೆಲೆ ಕುಸಿಯಿತು. ಜನ ಹಣ ಕೇಳಲು ಬಂದಾಗ ನಷ್ಟಕ್ಕೆ ಮಾರಬೇಕಾಯಿತು. ಬಾಂಡ್‌ಗಳಲ್ಲಿ ಬಹುಪಾಲು ಸರ್ಕಾರದ ಭರವಸೆ ಇದ್ದವೇ, ಮುಳುಗುವಂಥವಲ್ಲ. ತಾರೀಕು ಮಾತ್ರ ಹೊಂದಲಿಲ್ಲ. ನನ್ನ ಮನೆಯ ಮುಂಗಡದ ಕಥೆಯೂ ಇದೇ ಅಲ್ವಾ.

ಇನ್ನು ಹದಿನೈದು ವರ್ಷದ ಭಾಗ. ಇಲ್ಲಿ ಲೆಕ್ಕ ಉಲ್ಟಾ. ಇಷ್ಟು ವರ್ಷ ಬ್ಯಾಂಕಿನಲ್ಲೇ ಇಟ್ಟರೆ ಬೆಲೆ ಏರಿಕೆ ಅದನ್ನು ಮೆಲ್ಲಗೆ ತಿಂದುಹಾಕುತ್ತದೆ. ಇದಕ್ಕೆ ಷೇರು ಇಟಿಎಫ್ ಸರಿಯಾದ ಜಾಗ.

ನಿಮ್ಮ ಒಂಬತ್ತರಲ್ಲಿ ಆರು ಇಟಿಎಫ್‌ಗಳ ಒಳಗೆ ಮೊದಲ ಹತ್ತು ಕಂಪನಿಗಳು ಯಾವುವು ಎಂದು ಬರೆದುಕೊಂಡು ನೋಡಿ. ಅವೇ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. ಹೆಸರು ಆರು, ಸಾಮಾನು ಒಂದೇ. ಹಾಗಾಗಿ ಮೊದಲು ಯಾವ ಸೂಚ್ಯಂಕ ಬೇಕು ಎಂದು ತೀರ್ಮಾನಿಸಿ, ಆಮೇಲೆ ಆ ಸೂಚ್ಯಂಕವನ್ನು ಹಿಂಬಾಲಿಸುವ ಇಟಿಎಫ್ ಹುಡುಕಿ. ನನ್ನ ಆಯ್ಕೆ ಹಲವು ದೇಶಗಳ ಸಾವಿರಾರು ಕಂಪನಿಗಳಿರುವ ಅಗಲವಾದ ಸೂಚ್ಯಂಕ. ಒಂದೇ ದೇಶ ಸಾಕು ಅನ್ನುವವರು ಜಪಾನ್ ನೆನಪಿಸಿಕೊಳ್ಳಬೇಕು. ಅಲ್ಲಿನ ನಿಕ್ಕೇ ಸೂಚ್ಯಂಕ 1989ರ ಕೊನೆಗೆ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತನಾಲ್ಕು ವರ್ಷ! ಡಿವಿಡೆಂಡ್ (ಕಂಪನಿಗಳು ಷೇರುದಾರರಿಗೆ ಹಂಚುವ ಲಾಭಾಂಶ) ಸೇರಿಸಿದರೆ ಲೆಕ್ಕ ಇಷ್ಟು ಕೆಟ್ಟದಾಗಿ ಕಾಣುವುದಿಲ್ಲ, ಆದರೂ ನಿಮ್ಮ ಹದಿನೈದು ವರ್ಷ ಅದರೊಳಗೆ ಎರಡು ಸಲ ಮುಗಿದುಹೋಗುತ್ತದೆ.

ಆಮೇಲೆ ಖರ್ಚು, ಅಂದರೆ ಇಟಿಎಫ್ ನಡೆಸುವವರು ನಿಮ್ಮ ಹಣದಿಂದ ಪ್ರತಿ ವರ್ಷ ಕಳೆದುಕೊಳ್ಳುವ ಶುಲ್ಕ. ವರ್ಷಕ್ಕೆ ಶೇ. 1 ಅಂದರೆ ಸಣ್ಣದು ಅನ್ನಿಸುತ್ತದೆ. ಮಾರುಕಟ್ಟೆ ವರ್ಷಕ್ಕೆ ಶೇ. 7 ಬೆಳೆಯಿತು ಅಂದುಕೊಳ್ಳಿ. ಶೇ. 0.1 ಖರ್ಚು ಕಳೆದರೆ ಹಾಕಿದ್ದು ಮೂವತ್ತು ವರ್ಷಕ್ಕೆ ಸುಮಾರು 7.4 ಪಟ್ಟು ಆಗುತ್ತದೆ. ಶೇ. 1 ಖರ್ಚು ಕಳೆದರೆ 5.7 ಪಟ್ಟು. ಕೊನೆಯ ಗಂಟಿನಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ ಹೋಯಿತು. ಹದಿನೈದು ವರ್ಷಕ್ಕೆ ಇದು ಕಡಿಮೆ, ಆದರೂ ಕಣ್ಣಿಗೆ ಕಾಣುವಷ್ಟೇ. ಖರ್ಚಿನ ಅಂಕಿಯ ಜೊತೆಗೆ ಟ್ರ್ಯಾಕಿಂಗ್ ಡಿಫರೆನ್ಸ್ ಕೂಡ ನೋಡಿ. ಸೂಚ್ಯಂಕ ವರ್ಷಕ್ಕೆ ಎಷ್ಟು ಬೆಳೆಯಿತು, ಇಟಿಎಫ್ ಎಷ್ಟು ಬೆಳೆಯಿತು ಎಂಬುದರ ಅಂತರ ಅದು. ಕಾಗದದ ಮೇಲೆ ಅಗ್ಗವಾಗಿದ್ದೂ ಇಲ್ಲಿ ಹಿಂದೆ ಬೀಳುವ ಇಟಿಎಫ್‌ಗಳಿವೆ. ಐದಾರು ವರ್ಷದ ಅಂಕಿ ನೋಡಿ, ಒಂದು ವರ್ಷದ್ದು ಸಾಲದು.

ಕೊಳ್ಳುವಾಗ ಒಂದು ಜಾಗ್ರತೆ ಬೇಕು. ಇಟಿಎಫ್‌ಗೆ ಎರಡು ಬೆಲೆ ಇರುತ್ತದೆ. ಒಳಗಿರುವ ಷೇರುಗಳ ನಿಜವಾದ ಬೆಲೆ ಎನ್‌ಎವಿ. ಮಾರುಕಟ್ಟೆಯಲ್ಲಿ ಆ ಕ್ಷಣ ನಡೆಯುತ್ತಿರುವ ಬೆಲೆ ಇನ್ನೊಂದು. ಎರಡರ ಅಂತರ ಹೆಚ್ಚಾದರೆ ದೊಡ್ಡ ವ್ಯಾಪಾರಿಗಳು ಲಾಭಕ್ಕಾಗಿ ಯೂನಿಟ್‌ಗಳನ್ನು ಹುಟ್ಟಿಸಿ ಅಥವಾ ವಾಪಸ್ ಕೊಟ್ಟು ಅಂತರ ಮುಚ್ಚುತ್ತಾರೆ. ಗಲಾಟೆಯ ದಿನ ಇದು ಕೈಕೊಡಬಹುದು. 2015ರ ಆಗಸ್ಟ್ 24ರ ಬೆಳಗ್ಗೆ ಅಮೆರಿಕದಲ್ಲಿ ಎಸ್ ಅಂಡ್ ಪಿ 500 ಸುಮಾರು ಶೇ. 5 ಇಳಿದಿದ್ದಾಗ ಕೆಲವು ಇಟಿಎಫ್‌ಗಳು ಶೇ. 20ಕ್ಕಿಂತ ಹೆಚ್ಚು ಇಳಿದ ಬೆಲೆಗೆ ಮಾರಾಟವಾದವು. ಸ್ವಲ್ಪ ಹೊತ್ತಿನಲ್ಲೇ ಬೆಲೆ ವಾಪಸ್ ಬಂತು. ಆ ನಿಮಿಷಗಳಲ್ಲಿ ಮಾರಲು ಮಾರ್ಕೆಟ್ ಆರ್ಡರ್ (ಆ ಕ್ಷಣ ಸಿಕ್ಕ ಬೆಲೆಗೇ ನಡೆಯುವ ಆರ್ಡರ್) ಹಾಕಿದ್ದವರಿಗೆ ಮಾತ್ರ ದುಡ್ಡು ವಾಪಸ್ ಬರಲಿಲ್ಲ. ಹಾಗಾಗಿ ಯಾವಾಗಲೂ ಲಿಮಿಟ್ ಆರ್ಡರ್ (ಬೆಲೆಯ ಮಿತಿಯನ್ನು ನೀವೇ ಹೇಳುವ ಆರ್ಡರ್) ಹಾಕಿ. ಮಾರುಕಟ್ಟೆ ತೆರೆದ ಮೊದಲ ಅರ್ಧ ಗಂಟೆ ಬಿಟ್ಟುಬಿಡಿ. ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆಯ ನಡುವಿನ ಅಂತರ ಅಗಲವಾಗಿ ಕಂಡರೆ ಆ ಇಟಿಎಫ್‌ನಲ್ಲಿ ವ್ಯವಹಾರ ಕಡಿಮೆ ಎಂದರ್ಥ.

ಪಟ್ಟಿಯಲ್ಲಿರುವ "ಎರಡು ಪಟ್ಟು" ಇಟಿಎಫ್ ಅನ್ನು ಇವತ್ತೇ ಹೊಡೆದುಹಾಕಿ. ಅದು ಎರಡು ಪಟ್ಟು ಕೊಡುವುದು ಒಂದು ದಿನದ ಏರಿಳಿತವನ್ನು, ಹದಿನೈದು ವರ್ಷದ ಬೆಳವಣಿಗೆಯನ್ನಲ್ಲ. ಸೂಚ್ಯಂಕ 100ರಿಂದ ಒಂದು ದಿನ ಶೇ. 10 ಇಳಿದು ಮರುದಿನ ಶೇ. 10 ಏರಿದರೆ 99ಕ್ಕೆ ಬಂದು ನಿಲ್ಲುತ್ತದೆ. ಎರಡು ಪಟ್ಟಿನದು 80ಕ್ಕೆ ಇಳಿದು 96ಕ್ಕೆ ಬರುತ್ತದೆ. ಹೀಗೇ ತಿಂಗಳುಗಟ್ಟಲೆ ತೂಗಾಡಿದರೆ ಸೂಚ್ಯಂಕ ಇದ್ದಲ್ಲೇ ಇದ್ದರೂ ನಿಮ್ಮ ಹಣ ಕರಗುತ್ತದೆ.

ತೆರಿಗೆ, ಡಿವಿಡೆಂಡ್ ಕೈಗೆ ಕೊಡುವುದೋ ಅಲ್ಲೇ ಸೇರಿಸುವುದೋ ಎಂಬುದನ್ನು ನಿಮ್ಮ ದೇಶದ ನಿಯಮ ನೋಡಿ ತೀರ್ಮಾನಿಸಿ. ಅದು ಮುಖ್ಯವೇ, ಆದರೆ ಮೇಲಿನದೆಲ್ಲ ಆದ ಮೇಲೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಫೀಸಿನ ಭಾಗವನ್ನು ಠೇವಣಿ ಅಥವಾ ಬಿಲ್‌ನಲ್ಲಿ ಇಡುತ್ತಿದ್ದೆ, ಉಳಿದದ್ದನ್ನು ಒಂದೇ ಒಂದು ಅಗಲವಾದ ಇಟಿಎಫ್‌ಗೆ ಕೆಲವು ಕಂತಿನಲ್ಲಿ ಹಾಕುತ್ತಿದ್ದೆ. ಠೇವಣಿ ಮುಗಿಯುವ ದಿನವನ್ನು ಫೀಸಿನ ತಾರೀಕಿಗೇ ಇಡಬೇಡಿ. ನಡುವೆ ರಜೆ ಬರಬಹುದು, ಖಾತೆಗೆ ಹಣ ಸೇರಲು ಒಂದೆರಡು ದಿನ ಹಿಡಿಯಬಹುದು. ಎರಡು ವಾರ ಮೊದಲೇ ಮುಗಿಯುವಂತೆ ನೋಡಿಕೊಳ್ಳಿ. ಫೀಸು ಒಂದೇ ಸಲ ಕಟ್ಟಬೇಕೋ ಕಂತಿನಲ್ಲೋ ಎಂದು ನೀವು ಬರೆದಿಲ್ಲ. ಕಂತಿನಲ್ಲಾದರೆ ಪ್ರತಿ ಕಂತಿಗೂ ಒಂದೊಂದು ಠೇವಣಿ ಬೇರೆ ಬೇರೆ ಅವಧಿಗೆ ಮಾಡಿಸಬಹುದು. ತಾರೀಕುಗಳನ್ನು ತಿಳಿಸಿ, ಹೇಗೆ ಭಾಗ ಮಾಡುವುದು ಎಂದು ಒಟ್ಟಿಗೆ ಲೆಕ್ಕ ಹಾಕೋಣ.